ಸೊಂಟ ಮುರಿದು ಬಂದವರ ಟೈಮ್ ಎಲ್ಲಿ ಸೋರ್ತಿದೆ? (ಹಾಸನ–ಚಿಕ್ಕಮಗಳೂರು ಕಡೆಯವರು ಅಳತೆ ಸಮೇತ ಬರೀರಿ)

ಮಲೆನಾಡ_ಮೂಳೆ · ಆರ್ಥೋ ಸರ್ಜನ್, ಚಿಕ್ಕಮಗಳೂರು

ಮಳೆ ಹಿಡಿದ ಮೇಲೆ ಕಳಸ, ಕೊಪ್ಪ, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಬರುವ ಎಕ್ಸ್‌ರೇಗಳಲ್ಲಿ ಮತ್ತೆ ಮತ್ತೆ ಒಂದೇ ಚಿತ್ರ. ಎಪ್ಪತ್ತು ದಾಟಿದವರು, ಪಾಚಿ ಕಟ್ಟಿದ ಅಂಗಳದಲ್ಲೋ ಬಚ್ಚಲ ಹೊಸ್ತಿಲಲ್ಲೋ ಜಾರಿದ್ದು, ತೊಡೆಮೂಳೆಯ ಮೇಲ್ತುದಿ ಮುರಿದದ್ದು. ಮನೆಯವರು ಅದನ್ನೇ ಸೊಂಟ ಮುರಿದಿದೆ ಅನ್ನೋದು. ಮೂಳೆಯೊಳಗೆ ರಾಡ್ ಹಾಕಲಿ, ಬಾಲ್ (ತೊಡೆಮೂಳೆಯ ಗುಂಡುತಲೆ) ಬದಲಿಸಲಿ, ಓಟಿಯೊಳಗಿನ (ಆಪರೇಷನ್ ಕೋಣೆಯ) ಕೆಲಸ ಒಂದು, ಒಂದೂವರೆ ಗಂಟೆ. ಆದರೆ ಟೇಬಲ್ ಮೇಲೆ ಮಲಗಿಸುವಷ್ಟರಲ್ಲಿ ನಾಲ್ಕೈದು ದಿನ ಕಳೆದಿರುತ್ತೆ. ಇಂಗ್ಲೆಂಡಿನವರು ಆಸ್ಪತ್ರೆಗೆ ಸೇರಿದ 36 ಗಂಟೆಯೊಳಗೆ ಆಪರೇಷನ್ ಅಂತ ಗೆರೆ ಎಳೆದಿದ್ದಾರೆ. ನಾವು 48 ಅಂತಲೇ ಹಿಡಿಯೋಣ. ಅಲ್ಲಿಂದಾಚೆಗೆ ಕಫ ಕಟ್ಟೋದು, ಬೆನ್ನು ಹುಣ್ಣು, ಮೂತ್ರದ ಸೋಂಕು, ರಾತ್ರಿ ಮಂಪರು (ತಲೆ ಗೊಂದಲವಾಗಿ ಏನೇನೋ ಮಾತಾಡೋದು) ಎಲ್ಲಾ ಒಂದರ ಹಿಂದೊಂದು ಬರುತ್ತವೆ.

ಕತೆ ಬೇಡ. ನಿಮ್ಮ ನಿಮ್ಮ ಜಾಗದಲ್ಲಿ ಟೈಮ್ ಎಲ್ಲಿ ಸೋರುತ್ತೆ, ಏನು ಮಾಡಿದರೆ ನಿಲ್ಲುತ್ತೆ, ಅಷ್ಟು ಬರೀರಿ. ಅಂಗಳದಿಂದ ನಾನೇ ಶುರು ಮಾಡ್ತೀನಿ.

ಬಿದ್ದವರ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿದ್ದರೆ ಎಣ್ಣೆ ಹಚ್ಚಿ ನೀವುವ ಮಾತೇ ಇಲ್ಲ. ಮೋಸ ಮಾಡುವುದು ಇನ್ನೊಂದು ಜಾತಿ. ಮೂಳೆಯ ಕತ್ತು ಮುರಿದು ಒಂದಕ್ಕೊಂದು ಕಚ್ಚಿಕೊಂಡಿರುತ್ತೆ, ಕಾಲು ಗಿಡ್ಡವಾಗಿರಲ್ಲ, ಅಜ್ಜಿ ಗೋಡೆ ಹಿಡಿದು ನಡೆದೂ ಬಿಡ್ತಾರೆ. ತೊಡೆಸಂದಿನಲ್ಲಿ ನೋವು, ಮಲಗಿದಾಗ ಮಂಡಿ ಮಡಿಸದೆ ಕಾಲು ಎತ್ತಕ್ಕಾಗಲ್ಲ, ಇವೆರಡಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಎಕ್ಸ್‌ರೇಲಿ ಏನೂ ಕಾಣದಿದ್ದರೂ ನೋವು ಹಾಗೇ ಇದ್ದರೆ ಎಂಆರ್‌ಐ, ಅದು ಸಿಗದಿದ್ದರೆ ಸಿಟಿ. "ಉಳುಕಿದೆ, ಎರಡು ವಾರ ಮಲಗಿ" ಅಂತ ಕಳಿಸಿದವರ ಮೂಳೆ ಆ ಎರಡು ವಾರದಲ್ಲಿ ಜರುಗಿರುತ್ತೆ. ಮೂರು ಸ್ಕ್ರೂನಲ್ಲಿ ಮುಗೀತಿದ್ದ ಕೆಲಸ ಬಾಲ್ ಬದಲಿಸುವ ತನಕ ಹೋಗುತ್ತೆ.

ತೋಟದ_ರೈಟರ್ · ಮೂಡಿಗೆರೆ ಕಡೆ

ಸರ್, ತೋಟದ ಲೈನ್ ಮನೆಯಿಂದ ಡಾಂಬರು ರಸ್ತೆಗೆ ಬರೋದೇ ದೊಡ್ಡ ಕತೆ. 108 ಬರುವ ತನಕ ಕಾಯೋದಾ, ಜೀಪಲ್ಲಿ ಹಾಕ್ಕೊಂಡು ಹೊರಡೋದಾ? ಹಿಂದಿನ ಸೀಟಲ್ಲಿ ಕೂರಿಸಿದರೆ ಕಿರುಚ್ತಾರೆ.

ಮಲೆನಾಡ_ಮೂಳೆ

ಕೂರಿಸಲೇಬಾರದು. 108ಕ್ಕೆ ಮೊದಲು ಫೋನ್ ಮಾಡಿ. ತೋಟದೊಳಕ್ಕೆ ಬರಲ್ಲ ಅಂತಾದರೆ ಪಿಕಪ್ಪಿನ ಹಿಂದೆ ಹಾಸಿಗೆ ಹಾಕಿ ಉದ್ದಕ್ಕೆ ಮಲಗಿಸಿ ರಸ್ತೆ ತನಕ ತನ್ನಿ. ಎರಡು ಕಾಲಿನ ನಡುವೆ ದಿಂಬು ಇಟ್ಟು ತೊಡೆ, ಮಂಡಿ ಕೆಳಗೆ, ಪಾದದ ಗಂಟು ಹೀಗೆ ಮೂರು ಕಡೆ ಅಗಲ ಬಟ್ಟೆಯಲ್ಲಿ ಎರಡೂ ಕಾಲು ಸೇರಿಸಿ ಕಟ್ಟಿ. ಸರಿಯಾಗಿರುವ ಕಾಲೇ ಮುರಿದ ಕಾಲಿಗೆ ಆಸರೆಯ ಪಟ್ಟಿ. ತಿರುಗಿದ ಪಾದವನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಹೊರಡುವಾಗ ಆಧಾರ್, ರೇಷನ್ ಕಾರ್ಡು, ದಿನಾ ನುಂಗುವ ಮಾತ್ರೆಯ ಸ್ಟ್ರಿಪ್ (ಖಾಲಿ ಆಗಿದ್ದರೂ ಸರಿ) ಒಂದು ಚೀಲಕ್ಕೆ ಹಾಕಿ. ಆರೋಗ್ಯ ಕರ್ನಾಟಕ ಸರ್ಕಾರಿ ಯೋಜನೆಯಲ್ಲಿ ಅನುಮತಿ ತಗೊಳ್ಳೋಕೆ ಕಾರ್ಡು ಬೇಕು. ಕಾರ್ಡು ಮನೇಲಿ, ಮಗ ಬೆಂಗಳೂರಲ್ಲಿ ಅನ್ನುವುದರಲ್ಲೇ ಒಂದು ಹಗಲು ಹೋಗಿಬಿಡುತ್ತೆ. ರಕ್ತ ತೆಳು ಮಾಡುವ ಮಾತ್ರೆ ಯಾವುದು ಅಂತ ಗೊತ್ತಾಗದಿದ್ದರೆ ಅರಿವಳಿಕೆಯವರೂ ಕೈಕಟ್ಟಿ ಕೂರಬೇಕು.

ಅರಿವಳಿಕೆ_ಹಾಸನ · ಅನಸ್ತೇಷಿಯಾ

ನಮ್ಮ ಹೆಸರು ಬಂತಲ್ಲ, ಹೇಳ್ತೀನಿ. "ಫಿಟ್‌ನೆಸ್ ಬರಲಿ" (ಆಪರೇಷನ್ ತಡೆಯಬಲ್ಲರು ಅಂತ ಫಿಸಿಷಿಯನ್ ಸಹಿ) ಅನ್ನುವ ಎರಡು ಶಬ್ದದಲ್ಲಿ ಹೋಗುವಷ್ಟು ದಿನ ಘಾಟಿ ರಸ್ತೆಯಲ್ಲೂ ಹೋಗಲ್ಲ. ನಿಜವಾಗಿ ನಿಲ್ಲಿಸಬೇಕಾದ ಕಾರಣಗಳು ಬೆರಳೆಣಿಕೆ: ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ, ಸೋಡಿಯಂ 120ಕ್ಕಿಂತ ಕಡಿಮೆ ಅಥವಾ 150ಕ್ಕಿಂತ ಮೇಲೆ, ಪೊಟ್ಯಾಸಿಯಂ 2.8ಕ್ಕಿಂತ ಕಡಿಮೆ ಅಥವಾ 6ಕ್ಕಿಂತ ಮೇಲೆ. ಹತೋಟಿ ತಪ್ಪಿದ ಸಕ್ಕರೆ. ಈಗಿಂದೀಗ ಉಸಿರು ಕಟ್ಟಿಸುತ್ತಿರುವ ಹೃದಯ ವೈಫಲ್ಯ. ನಿಮಿಷಕ್ಕೆ 120 ದಾಟಿ ಓಡುತ್ತಿರುವ, ಸರಿಪಡಿಸಬಹುದಾದ ಬಡಿತ. ಮೈಗೇರಿದ ಎದೆ ಸೋಂಕು. ಸರಿಪಡಿಸಬಹುದಾದ ರಕ್ತಸ್ರಾವದ ದೋಷ. ಇವು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ 2011ರಲ್ಲೇ ಬರೆದಿಟ್ಟವು. ಪ್ರತಿಯೊಂದಕ್ಕೂ ಚಿಕಿತ್ಸೆ ಅದೇ ದಿನ ಶುರುವಾಗಬೇಕು. "ಎರಡು ದಿನ ನೋಡೋಣ" ಅಂದರೆ ಅದು ಚಿಕಿತ್ಸೆ ಅಲ್ಲ.

ಎದೆಯಲ್ಲಿ ಮರ್ಮರ (ಹೃದಯದ ಅಸಹಜ ಸದ್ದು) ಕೇಳಿಸಿತು ಅಂತ ಎಕೋಗೆ (ಹೃದಯದ ಸ್ಕ್ಯಾನ್) ಸೋಮವಾರದ ತನಕ ಕಾಯೋದು ಇನ್ನೊಂದು. ಸಿಕ್ಕಿದರೆ ಮಾಡಿಸಿ, ಇಲ್ಲವಾದರೆ ಮಹಾಧಮನಿಯ ಕವಾಟ ಕಿರಿದಾಗಿದೆ ಅಂತಲೇ ಎಣಿಸಿ ಬಿಪಿ ಬೀಳದ ಹಾಗೆ ಅರಿವಳಿಕೆ ಕೊಡಿ. ಇನ್ನು ರಕ್ತ ತೆಳು ಮಾಡುವ ಮಾತ್ರೆಗಳು. ಆಸ್ಪಿರಿನ್ ನಿಲ್ಲಿಸಬೇಕಿಲ್ಲ. ಕ್ಲೋಪಿಡೋಗ್ರೆಲ್ ನುಂಗುವವರನ್ನು ಏಳು ದಿನ ಮಲಗಿಸೋದು ತಪ್ಪು, ಸ್ಪೈನಲ್ (ಬೆನ್ನಿಗೆ ಚುಚ್ಚಿ ಮರಗಟ್ಟಿಸೋದು) ಬಿಟ್ಟು ಜನರಲ್ (ಪೂರ್ತಿ ಮಲಗಿಸೋದು) ಕೊಟ್ಟರಾಯ್ತು. ವಾರ್ಫರಿನ್ ಆದರೆ ಬಂದ ತಕ್ಷಣ ವಿಟಮಿನ್ ಕೆ ಇಂಜೆಕ್ಷನ್ ಹಾಕಿ ಮಾರನೇ ಬೆಳಿಗ್ಗೆ ಐಎನ್ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ) ನೋಡಿ, 1.5ಕ್ಕಿಂತ ಕೆಳಗಿದ್ದರೆ ಸ್ಪೈನಲ್‌ಗೂ ಅಡ್ಡಿಯಿಲ್ಲ.

ಸ್ಪೈನಲ್ಲೋ ಜನರಲ್ಲೋ ಅನ್ನುವ ಜಗಳ ಇನ್ನು ಸಾಕು. 2021ರಲ್ಲಿ ಪ್ರಕಟವಾದ ರೀಗೇನ್, ರಾಗಾ ಎರಡೂ ಟ್ರಯಲ್ಲುಗಳಲ್ಲಿ (ರೋಗಿಗಳನ್ನು ಹೋಲಿಸಿ ನೋಡುವ ಅಧ್ಯಯನ) ಮಂಪರಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಪೈನಲ್ ಮಾಡುವುದಾದರೆ ಶೇ 0.5ರ ಹೆವಿ ಬುಪಿವಕೇನ್ (ಮರಗಟ್ಟಿಸುವ ಔಷಧಿ) 1.5ರಿಂದ 2 ಎಂಎಲ್ ಸಾಕು. ನಲವತ್ತು ಕೆಜಿಯ ಅಜ್ಜಿಗೆ 3 ಎಂಎಲ್ ಹಾಕಿ ಬಿಪಿ ಬೀಳಿಸಿ, ಆಮೇಲೆ ಹೃದಯ ವೀಕು ಅನ್ನಬಾರದು.

ನೋವಿನ ಮಾತು. ಕ್ಯಾಶುವಾಲ್ಟಿಯಲ್ಲೇ ಫ್ಯಾಸಿಯಾ ಇಲಿಯಾಕಾ ಬ್ಲಾಕ್ (ತೊಡೆಸಂದಿನ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಡಿ, ಶೇ 0.25ರ ಬುಪಿವಕೇನ್ 30 ಎಂಎಲ್. ಅದು 75 ಮಿಗ್ರಾಂ, ಕೆಜಿಗೆ 2 ಮಿಗ್ರಾಂ ಮೀರಬಾರದು ಅನ್ನುವ ಲೆಕ್ಕದಲ್ಲಿ 40 ಕೆಜಿಯವರಿಗೂ ಕೂಡುತ್ತೆ. ಜೊತೆಗೆ ಪ್ಯಾರಾಸಿಟಮಾಲ್ ಆರು ಗಂಟೆಗೊಮ್ಮೆ, 50 ಕೆಜಿಗಿಂತ ಕಡಿಮೆ ಇದ್ದವರಿಗೆ ಕೆಜಿಗೆ 15 ಮಿಗ್ರಾಂ. ಡೈಕ್ಲೋಫಿನಾಕ್ ಚುಚ್ಚಬೇಡಿ. ದಾರಿಯುದ್ದಕ್ಕೂ ನೀರು ಕುಡಿಯದೆ ಬಂದಿರ್ತಾರೆ, ಕಿಡ್ನಿ ಮೊದಲೇ ಒಣಗಿರುತ್ತೆ.

ಫಿಸಿಷಿಯನ್_577 · ಹಾಸನ ಜಿಲ್ಲೆ

ಹೇಳೋದು ಸುಲಭ ಡಾಕ್ಟ್ರೇ. ಎಕೋ ಇಲ್ಲದೆ ಸಹಿ ಹಾಕಿ, ಟೇಬಲ್ ಮೇಲೆ ಏನಾದರೂ ಆದರೆ ಆ ಸಹಿ ಹಾಕಿದ ಹಾಳೆಯೇ ಮೊದಲು ಹೊರಗೆ ಬರೋದು. ಇನ್ನೊಂದು, ಆತುರ ಮಾಡಿದರೆ ಜೀವ ಉಳಿಯುತ್ತೆ ಅನ್ನುವುದಕ್ಕೂ ಮಿತಿ ಇದೆ. 2020ರ ಹಿಪ್ ಅಟ್ಯಾಕ್ ಟ್ರಯಲ್‌ನಲ್ಲಿ 6 ಗಂಟೆಗೆ ತಂದವರಿಗೂ ಒಂದು ದಿನಕ್ಕೆ ತಂದವರಿಗೂ ಸಾವಿನಲ್ಲಿ ವ್ಯತ್ಯಾಸ ಬರಲಿಲ್ಲ.

ಅರಿವಳಿಕೆ_ಹಾಸನ

ಒಪ್ಪಿದೆ. ಆದರೆ ಅಲ್ಲಿ ಹೋಲಿಸಿದ್ದು 6 ಗಂಟೆಗೂ 24 ಗಂಟೆಗೂ. ನಾವು ಜಗಳ ಆಡ್ತಿರೋದು ಎರಡನೇ ದಿನಕ್ಕೂ ಐದನೇ ದಿನಕ್ಕೂ. ಅದೇ ಟ್ರಯಲ್‌ನಲ್ಲಿ ಬೇಗ ಮಾಡಿದವರಿಗೆ ಮಂಪರು, ಮೂತ್ರದ ಸೋಂಕು ಕಡಿಮೆ ಆಗಿತ್ತು, ಬೇಗ ಎದ್ದು ನಿಂತರು. ಸಹಿಯ ಭಯ ಸುಳ್ಳಲ್ಲ. ಅದಕ್ಕೆ ನಾನು ಹೇಳುವ ದಾರಿ: "ಫಿಟ್" "ಅನ್‌ಫಿಟ್" ಅಂತ ಬರೆಯಬೇಡಿ. "ಹೆಚ್ಚಿನ ಅಪಾಯ ಇದೆ, ಇಂಥದ್ದನ್ನು ಸರಿಪಡಿಸಲಾಗುತ್ತಿದೆ, ತಡ ಮಾಡಿದರೆ ಅಪಾಯ ಇನ್ನೂ ಹೆಚ್ಚು, ಮನೆಯವರಿಗೆ ಕನ್ನಡದಲ್ಲಿ ವಿವರಿಸಲಾಗಿದೆ" ಅಂತ ಮೂವರೂ, ಅಂದರೆ ನೀವು, ನಾನು, ಸರ್ಜನ್, ಒಂದೇ ಹಾಳೆಯಲ್ಲಿ ಬರೆದು ಟೈಮ್ ಹಾಕಿ. ಒಬ್ಬರ ತಲೆ ಮೇಲೆ ಬೀಳಲ್ಲ.

ಮಲೆನಾಡ_ಮೂಳೆ

ಇದರ ಜೊತೆಗೆ ವಾರ್ಡಿನಲ್ಲಿ ಕಾಲಿಗೆ ತೂಕ ಕಟ್ಟೋದನ್ನೂ ಬಿಡೋಣ. ಸ್ಕಿನ್ ಟ್ರ್ಯಾಕ್ಷನ್‌ನಿಂದ ನೋವು ಕಡಿಮೆ ಆಗಲ್ಲ, ಆಪರೇಷನ್ ಸುಲಭವಾಗಲ್ಲ ಅಂತ ಗೊತ್ತಾಗಿ ಎಷ್ಟೋ ವರ್ಷ ಆಯ್ತು. ಅದು ಕೊಡೋದು ಹಿಮ್ಮಡಿ ಹುಣ್ಣು. ತೂಕ ಕಟ್ಟಿದರೆ ಏನೋ ಚಿಕಿತ್ಸೆ ನಡೀತಿದೆ ಅಂತ ಮನೆಯವರಿಗೆ ಸಮಾಧಾನ, ನಮಗೂ ಅವಸರ ಇಲ್ಲ. ಅದೇ ಅದರ ದೊಡ್ಡ ದೋಷ.

ಓಟಿ_ಸಿಸ್ಟರ್

ಡಾಕ್ಟರುಗಳೆಲ್ಲ ಮಾತಾಡಿ ಆಯ್ತಾ? ಈಗ ಪೆಟ್ಟಿಗೆ ವಿಷಯ. ಇಂಪ್ಲಾಂಟ್ ಸೆಟ್ಟು (ಮೂಳೆಗೆ ಹಾಕುವ ರಾಡು, ಸ್ಕ್ರೂ, ಅದರ ಸಾಮಾನು) ನಮ್ಮದಲ್ಲ, ಹೊರಗಿಂದ ಬರೋದು. ಬೆಳಿಗ್ಗೆ 9ಕ್ಕೆ ಕೇಸ್ ಹಾಕ್ಕೊಂಡು ಸೆಟ್ಟು 8ಕ್ಕೆ ಬಂದರೆ ಎರಡೇ ದಾರಿ: ಕೇಸ್ ಮುಂದಕ್ಕೆ, ಇಲ್ಲಾ ಅರೆಬರೆ ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲೋದು). ಎರಡನೆಯದು ಕೀವಿಗೆ ದಾರಿ. ಕೇಸ್ ಬುಕ್ ಮಾಡಿದ ದಿನವೇ ಎಕ್ಸ್‌ರೇ ಫೋಟೋ ಕಳಿಸಿ ಸೆಟ್ಟು ಹಿಂದಿನ ಮಧ್ಯಾಹ್ನಕ್ಕೆ ಬಂದಿರಬೇಕು ಅಂತ ಹೇಳಿ.

ಬಂದ ಸೆಟ್ಟು ಹೊಳೀತಿದೆ ಅಂತ ನೇರ ಡ್ರಮ್ಮಿಗೆ ಹಾಕಬೇಡಿ. ಹಿಂದಿನ ಊರಿನ ರಕ್ತ ಅದರ ಒಳಗೇ ಇರುತ್ತೆ. ರೀಮರ್ ಕೊಳವೆ, ಡ್ರಿಲ್ ಸ್ಲೀವ್, ಡೆಪ್ತ್ ಗೇಜ್ (ಮೂಳೆ ಕೊರೆಯುವ, ಅಳೆಯುವ ಸಾಮಾನು) ಮೂರನ್ನೂ ಬಿಚ್ಚಿ, ಸಣ್ಣ ಬ್ರಷ್ ಆ ಕಡೆಯಿಂದ ಈ ಕಡೆಗೆ ಬರುವ ಹಾಗೆ ನೀರೊಳಗೆ ಉಜ್ಜಿ, ಸಿರಿಂಜಲ್ಲಿ ನೀರು ಹಾಯಿಸಿ ನೋಡಿ. ಕೆಂಪು ಕಂದು ಏನೇ ಬಂದರೂ ಮತ್ತೆ ಮೊದಲಿಂದ. ಆಮೇಲೆ ಒಣಗಿಸಿ ಪ್ಯಾಕ್. ಒಂದು ಟ್ರೇ 11 ಕೆಜಿ ದಾಟಬಾರದು, ದಾಟಿದರೆ ಎರಡು ಮಾಡಿ. ಸುತ್ತಿದ ಟ್ರೇಗೆ ಹಳೇ ಮಾದರಿ ಆಟೋಕ್ಲೇವ್‌ನಲ್ಲಿ 121 ಡಿಗ್ರಿ 30 ನಿಮಿಷ, ವ್ಯಾಕ್ಯೂಮ್ ಇರೋದರಲ್ಲಿ 134 ಡಿಗ್ರಿ 4 ನಿಮಿಷ. ಈ ಲೆಕ್ಕ ಶಾಖ ಮುಟ್ಟಿದ ಮೇಲಿನದು, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಒಣಗುವ ಟೈಮ್ ಬೇರೆ. ಹೊರಗೆ ಟೇಪಿನ ಗೆರೆ ಕಪ್ಪಾದರೆ ಸಾಲದು, ಟ್ರೇ ಒಳಗೆ ಕ್ಲಾಸ್ 5 ಇಂಡಿಕೇಟರ್ (ಹಬೆ ಒಳಗೆ ಸರಿಯಾಗಿ ಮುಟ್ಟಿತೋ ಅಂತ ತೋರಿಸುವ ಪಟ್ಟಿ) ಇಡಿ. ಇಂಪ್ಲಾಂಟ್ ಇರೋ ಲೋಡಿಗೆ ಬಯಲಾಜಿಕಲ್ ಇಂಡಿಕೇಟರ್ (ಕ್ರಿಮಿ ನಿಜಕ್ಕೂ ಸತ್ತಿತೋ ಅಂತ ನೋಡುವ ಪರೀಕ್ಷೆ). ಬಿಚ್ಚಿದಾಗ ಬಟ್ಟೆ ಒದ್ದೆ ಇದ್ದರೆ ಅದು ಸ್ಟೆರೈಲ್ ಅಲ್ಲ, ಸರ್ಜನ್ ಎಷ್ಟೇ ಬೈಯಲಿ. ಮಳೆಗಾಲದಲ್ಲಿ ಈ ಒದ್ದೆ ಪ್ಯಾಕ್ ಕಾಟ ಜಾಸ್ತಿ. ಬಿಸಿ ಟ್ರೇ ತೆಗೆದು ತಣ್ಣನೆ ಕಡಪ ಕಲ್ಲಿನ ಮೇಲೆ ಇಟ್ಟರೆ ಕೆಳಗೆ ನೀರೊಡೆಯುತ್ತೆ. ಜಾಲರಿ ರ‍್ಯಾಕ್ ಮೇಲೆ ಇಟ್ಟು ಆರಲು ಬಿಡಿ.

ಫಾರ್ಮಾಲಿನ್ ಮಾತ್ರೆಯ ಡಬ್ಬದಲ್ಲಿ ಇಟ್ಟ ಡ್ರಿಲ್ ತಂದು ಕೊಡಿ ಅನ್ನುವವರು ಇನ್ನೂ ಇದ್ದಾರೆ. ಕೊಡಬೇಡಿ.

ಪಿಜಿ_ಓದುತ್ತಿದ್ದೇನೆ

ಸಿಸ್ಟರ್, ಲಾಕಿಂಗ್ ಸ್ಕ್ರೂ (ಪ್ಲೇಟಿಗೇ ಕಚ್ಚಿ ಕೂರುವ ಸ್ಕ್ರೂ) ತಲೆ ಸವೆದು ಆಮೇಲೆ ತೆಗೆಯೋಕೆ ಬರದ ಸಮಸ್ಯೆ ಸೆಟ್ಟಿನದ್ದಾ, ಕೈಯದ್ದಾ?

ಓಟಿ_ಸಿಸ್ಟರ್

ಎರಡೂ. ಸವೆದ ಸ್ಕ್ರೂಡ್ರೈವರ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಮೂಲೆ ಗುಂಡಗಾಗಿದ್ದರೆ ಎತ್ತಿಡಿ. ಇನ್ನು ಕೈ: ಪವರ್ ಡ್ರಿಲ್ಲಲ್ಲಿ ಕೊನೇ ತನಕ ಬಿಗೀತಾರೆ. 3.5 ಮಿಲಿಮೀಟರ್ ಲಾಕಿಂಗ್ ಸ್ಕ್ರೂಗೆ 1.5 ನ್ಯೂಟನ್ ಮೀಟರ್ ಬಿಗಿ, 5.0ಗೆ 4. ಟಾರ್ಕ್ ಲಿಮಿಟರ್ (ಬಿಗಿ ಮಿತಿ ಮೀರದಂತೆ ತಡೆಯುವ ಹಿಡಿಕೆ) "ಟಕ್" ಅಂದ ಮೇಲೆ ಇನ್ನೊಂದು ಸುತ್ತು ಹಾಕೋದು ನಟ್ಟು ಬೋಲ್ಟಿನ ಅಭ್ಯಾಸ. ಟೈಟಾನಿಯಂ ಕಚ್ಚಿಕೊಂಡರೆ ತೆಗೆಯುವ ದಿನ ತಲೆಯನ್ನೇ ಕೊರೆದು ತೆಗೀಬೇಕು. ಸ್ಟೀಲ್ ಪ್ಲೇಟಿಗೆ ಟೈಟಾನಿಯಂ ಸ್ಕ್ರೂ ಬೆರೆಸೋದೂ ಬೇಡ. ಪ್ರತಿ ಇಂಪ್ಲಾಂಟಿನ ಸ್ಟಿಕ್ಕರ್ ಕೇಸ್ ಶೀಟಿಗೆ ಒಂದು, ಡಿಸ್ಚಾರ್ಜ್ ಕಾರ್ಡಿಗೆ ಒಂದು. ಹತ್ತು ವರ್ಷದ ಮೇಲೆ ಯಾರಾದರೂ ತೆಗೀಬೇಕಾದಾಗ ಯಾವ ಡ್ರೈವರ್ ಬೇಕು ಅನ್ನೋದು ಆ ಸ್ಟಿಕ್ಕರ್ ಹೇಳುತ್ತೆ.

ಪಿಜಿ_ಓದುತ್ತಿದ್ದೇನೆ

ಇನ್ನೊಂದು. ಟ್ರೋಕ್ಯಾಂಟರ್ (ತೊಡೆಮೂಳೆಯ ಕತ್ತಿನ ಕೆಳಗಿನ ಉಬ್ಬು) ಮುರಿತಕ್ಕೆ ಎಲ್ಲರೂ ಪಿಎಫ್ಎನ್ (ಮೂಳೆಯೊಳಗಿನ ರಾಡ್) ಅಂತಾರೆ. ಡಿಎಚ್ಎಸ್ (ಹೊರಗೆ ಪ್ಲೇಟು, ಒಳಗೆ ದಪ್ಪ ಸ್ಕ್ರೂ) ಸತ್ತೇ ಹೋಯ್ತಾ?

ಮಲೆನಾಡ_ಮೂಳೆ

ಸತ್ತಿಲ್ಲ. ಸ್ಥಿರವಾದ ಎರಡು ತುಂಡಿನ ಮುರಿತಕ್ಕೆ ಡಿಎಚ್ಎಸ್ ಈಗಲೂ ಅಗ್ಗ, ಗಟ್ಟಿ. ಆದರೆ ತೊಡೆಮೂಳೆಯ ಹೊರಗೋಡೆಯ ದಪ್ಪ ಅಳೆಯಿರಿ. 20.5 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಡಿಎಚ್ಎಸ್ ತೂತು ಕೊರೆಯುವಾಗಲೇ ಅದು ಸೀಳುತ್ತೆ, ಆಮೇಲೆ ಎಲ್ಲಾ ಕುಸಿಯುತ್ತೆ. ಉಲ್ಟಾ ಓರೆಯಾದ ಮುರಿತಕ್ಕೆ ಡಿಎಚ್ಎಸ್ ಹಾಕಲೇಬಾರದು.

ರಾಡ್ ಹಾಕುವವರು ಎಡವುವ ಜಾಗ ಒಂದೇ: ರಾಡು ತಾನೇ ಮೂಳೆ ಕೂಡಿಸುತ್ತೆ ಅಂತ ನಂಬೋದು. ಕೂಡಿಸಲ್ಲ. ಫ್ರ್ಯಾಕ್ಚರ್ ಟೇಬಲ್ ಮೇಲೆ ಕಾಲು ಎಳೆದು, ಒಳಕ್ಕೆ ತಿರುಗಿಸಿ, ಓಟಿಯ ಎಕ್ಸ್‌ರೇ ಯಂತ್ರ ಸಿ-ಆರ್ಮ್‌ನಲ್ಲಿ ಎದುರಿನಿಂದ, ಪಕ್ಕದಿಂದ ಎರಡೂ ಚಿತ್ರ ಸರಿ ಬಂದ ಮೇಲೆಯೇ ಚರ್ಮಕ್ಕೆ ಬ್ಲೇಡು. ಎದುರಿನಿಂದ ಚೆನ್ನಾಗಿ ಕಂಡು ಪಕ್ಕದಿಂದ ಹಿಂದಕ್ಕೆ ಜೋತಿದ್ದರೆ ತೊಡೆ ಕೆಳಗಿನಿಂದ ಒಬ್ಬರು ಎತ್ತಿ ಹಿಡಿಯಬೇಕು, ಇಲ್ಲವೇ ಸಣ್ಣ ಗಾಯ ಮಾಡಿ ಎಲಿವೇಟರಿನಿಂದ ಎತ್ತಬೇಕು. ಗೈಡ್ ವೈರ್ ಟ್ರೋಕ್ಯಾಂಟರಿನ ತುದಿಯಲ್ಲಿ, ಕೂದಲೆಳೆಯಷ್ಟು ಒಳಮಗ್ಗುಲಿಗೆ. ಹೊರಮಗ್ಗುಲಿಗೆ ಹೋಯ್ತೋ, ರಾಡ್ ಇಳಿಯುತ್ತಿದ್ದ ಹಾಗೆ ಕತ್ತು ಕೆಳಕ್ಕೆ ಬಾಗುತ್ತೆ. ಬಾಗಿದ ಕತ್ತಿನೊಳಗೆ ಸ್ಕ್ರೂ ಹೋಗಿ ಕೂರುವ ಜಾಗ ಯಾವಾಗಲೂ ತೊಡೆಮೂಳೆಯ ಗುಂಡುತಲೆಯ ಮೇಲ್ಭಾಗ, ಮೂರೇ ವಾರದಲ್ಲಿ ಅದು ತಲೆ ಸೀಳಿ ಹೊರಗೆ.

ಸ್ಕ್ರೂ ತುದಿಯಿಂದ ತಲೆಯ ತುದಿಗೆ ಇರುವ ದೂರವನ್ನು ಎರಡು ಚಿತ್ರದಲ್ಲೂ ಅಳೆದು ಕೂಡಿಸಿದರೆ 25 ಮಿಲಿಮೀಟರ್ ಒಳಗಿರಬೇಕು. ಬಾಮ್‌ಗಾರ್ಟನರ್ 1995ರಲ್ಲಿ ಹೇಳಿದ ಲೆಕ್ಕ ಇದು, ಇವತ್ತಿಗೂ ಹಳತಾಗಿಲ್ಲ. ಸ್ಕ್ರೀನ್ ಮೇಲಿನ ಅಳತೆ ದೊಡ್ಡದಾಗಿ ಕಾಣುತ್ತೆ, ಸ್ಕ್ರೂವಿನ ನಿಜವಾದ ದಪ್ಪದ ಜೊತೆ ಹೋಲಿಸಿ ಸರಿಪಡಿಸಿಕೊಳ್ಳಿ. ನಮ್ಮ ಕಡೆಯ ಕುಳ್ಳಗಿನ ಅಜ್ಜಿಯರ ತೊಡೆಮೂಳೆ ಮುಂದಕ್ಕೆ ಬಿಲ್ಲಿನ ಹಾಗೆ ಬಾಗಿರುತ್ತೆ. ಉದ್ದ ರಾಡ್ ಹಾಕಿದರೆ ಅದರ ತುದಿ ಮಂಡಿ ಮೇಲೆ ಮುಂದಿನ ಗೋಡೆಗೆ ಗುದ್ದುತ್ತೆ. ಸುತ್ತಿಗೆ ಎತ್ತುವ ಮೊದಲು ಪಕ್ಕದ ಚಿತ್ರ ಒಮ್ಮೆ ನೋಡಿ.

ಫಿಸಿಷಿಯನ್_577

ಬಾಲ್ ಬದಲಿಸುವಾಗ ಸಿಮೆಂಟ್ (ಅದನ್ನು ಮೂಳೆಯೊಳಗೆ ಹಿಡಿಸುವ ಪದಾರ್ಥ) ಹಾಕಿದ ಕ್ಷಣ ಬಿಪಿ ಪಾತಾಳಕ್ಕೆ ಹೋಗೋದು ನೋಡಿದರೆ, ಸಿಮೆಂಟೇ ಬೇಡ ಅನ್ನುವವರ ಮಾತು ಸರಿ ಅನ್ಸುತ್ತೆ.

ಮಲೆನಾಡ_ಮೂಳೆ

ಇಲ್ಲಿ ನನ್ನ ಒಪ್ಪಿಗೆ ಇಲ್ಲ. ಸಿಮೆಂಟ್ ಇಲ್ಲದೆ ಬಡಿದು ಕೂರಿಸಿದ ಸ್ಟೆಮ್ (ಬಾಲಿನ ಕೆಳಗಿನ ಲೋಹದ ಕಾಂಡ) ಟೊಳ್ಳು ಮೂಳೆಯನ್ನು ಬಡಿಯುವಾಗಲೇ ಸೀಳುತ್ತೆ, ಇಲ್ಲವೇ ಸಡಿಲವಾಗಿ ತೊಡೆನೋವು ನಿಲ್ಲಲ್ಲ. 2022ರ ವೈಟ್ 5 ಟ್ರಯಲ್‌ನಲ್ಲಿ ಸಿಮೆಂಟ್ ಹಾಕಿದವರ ಬದುಕಿನ ಗುಣಮಟ್ಟ ಚೆನ್ನಾಗಿತ್ತು, ಸ್ಟೆಮ್ ಸುತ್ತ ಮೂಳೆ ಮುರಿಯೋದೂ ಕಡಿಮೆ. ಬಿಪಿ ಬೀಳುವುದನ್ನು ಹೆದರಿ ಬಿಡೋದಲ್ಲ, ತಯಾರಾಗಿ ಎದುರಿಸೋದು.

ಅರಿವಳಿಕೆ_ಹಾಸನ

ತಯಾರಿ ಅಂದರೆ ಹೀಗೆ. ಸರ್ಜನ್ "ಸಿಮೆಂಟ್ ಕಲಸ್ತಿದ್ದೀವಿ" ಅಂತ ಬಾಯಿಬಿಟ್ಟು ಹೇಳಬೇಕು. ನಾವು ಆಗಲೇ ಆಕ್ಸಿಜನ್ ಏರಿಸಿ, ಬಿಪಿ ಕಫ್ ಪ್ರತಿ ನಿಮಿಷಕ್ಕೆ ಇಟ್ಟು, ವ್ಯಾಸೋಪ್ರೆಸರ್ (ಬಿಪಿ ಏರಿಸುವ ಔಷಧಿ) ಸಿರಿಂಜಲ್ಲಿ ತುಂಬಿ ಕೈಯಲ್ಲಿ ಹಿಡಿದಿರ್ತೀವಿ. ಮೇಲಿನ ಬಿಪಿ ಮೊದಲಿದ್ದದ್ದಕ್ಕಿಂತ ನೂರಕ್ಕೆ 20ಕ್ಕಿಂತ ಹೆಚ್ಚು ಇಳಿಯಬಾರದು. ಆ ಕಡೆ ಸರ್ಜನ್ ಮೂಳೆಯ ಕೊಳವೆಯನ್ನು ಸಲೈನಿನಿಂದ ತೊಳೆದು, ಒಣಗಿಸಿ, ಗನ್ನಿನಿಂದ ಕೆಳಗಿನಿಂದ ಮೇಲಕ್ಕೆ ತುಂಬಿಸಬೇಕು. ಕೊಳವೆಯಲ್ಲಿ ಉಳಿದ ಕೊಬ್ಬು, ಮಜ್ಜೆ ಒತ್ತಡಕ್ಕೆ ರಕ್ತಕ್ಕೆ ನುಗ್ಗುವುದೇ ರೋಗದ ಬೇರು. ಬೆರಳಲ್ಲಿ ಗಿಡಿಯುವ ಕೈಗೆ ಗಾಳಿ ಹೊರಹೋಗುವ ಒಂದು ನಳಿಕೆ ಆದರೂ ಇಡಿ. ತೀರಾ ಬಡಕಲಾದವರಿಗೆ ಜೋರಾಗಿ ಒತ್ತೋದೂ ಬೇಡ.

ತೋಟದ_ರೈಟರ್

ಮಳೆಗಾಲದ ಅಜ್ಜಿಯರ ಕತೆ ಆಯ್ತು. ಜನವರಿಯಿಂದ ಮಾರ್ಚ್ ಮೆಣಸು ಕೊಯ್ಲು, ಆಮೇಲೆ ಮಳೆಗೆ ಮುಂಚೆ ಮರಗಸಿ (ನೆರಳು ಮರದ ಕೊಂಬೆ ಕಡಿಯೋದು). ಏಣಿಯಿಂದ ಬೀಳೋರು ಮೂವತ್ತು ನಲವತ್ತರ ಗಟ್ಟಿ ಆಳುಗಳು. ಗಾಯ ಆದರೆ ಕಾಫಿ ಪುಡಿ ಮೆತ್ತೋದು ಇನ್ನೂ ನಿಂತಿಲ್ಲ. ಅದಕ್ಕೂ ಒಂದೆರಡು ಮಾತು ಬರೀರಿ ಸರ್.

ಮಲೆನಾಡ_ಮೂಳೆ

ಎತ್ತರದಿಂದ ಕಾಲ ಮೇಲೆ ಬಿದ್ದು ಹಿಮ್ಮಡಿ ಒಡೆದವರ ಬೆನ್ನನ್ನೂ ಎಕ್ಸ್‌ರೇ ಮಾಡಿಸಲೇಬೇಕು. ಬಿದ್ದ ಹೊಡೆತ ಹಿಮ್ಮಡಿಯಿಂದ ನೆಟ್ಟಗೆ ಏರಿ ಬೆನ್ನುಮೂಳೆಯಲ್ಲಿ, ಹೆಚ್ಚಾಗಿ ಎದೆ ಮತ್ತು ಸೊಂಟ ಕೂಡುವ ಕಡೆ, ಒಡೆಯುತ್ತೆ. ಹಿಮ್ಮಡಿಯ ನೋವಿನಲ್ಲಿ ಬೆನ್ನಿನ ನೋವು ಮರೆತುಹೋಗಿರುತ್ತೆ. ತೋಟದಲ್ಲಿ ಕಂಕುಳು ಮತ್ತು ಕಾಲು ಹಿಡಿದು ಜೋಲಿ ಎತ್ತೋದು ಮೊದಲು ನಿಲ್ಲಬೇಕು. ನಾಲ್ಕು ಜನ: ಒಬ್ಬರು ತಲೆ, ಮೂವರು ಒಂದೇ ಮಗ್ಗುಲಿಂದ ಭುಜ, ಸೊಂಟ, ಕಾಲು. ತಲೆ ಹಿಡಿದವರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ, ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ ಹಲಗೆ ತಳ್ಳಿ. ತೋಟದ ಗೋದಾಮಿನ ಬಾಗಿಲು ಕಳಚಿದರೂ ಆದೀತು. ಹಿಮ್ಮಡಿ ಆಪರೇಷನ್ನಿಗೆ ಅವಸರ ಬೇಡ, ಊತ ಇಳಿದು ಚರ್ಮದಲ್ಲಿ ಸುಕ್ಕು ಕಾಣುವ ತನಕ ಒಂದೆರಡು ವಾರ ಕಾಯಬೇಕು. ಸೊಂಟಕ್ಕೆ ಅವಸರ, ಹಿಮ್ಮಡಿಗೆ ತಾಳ್ಮೆ. ನಮ್ಮಲ್ಲಿ ನಡೆಯೋದು ಉಲ್ಟಾ.

ಮೂಳೆ ಹೊರಗೆ ಬಂದ ಗಾಯಕ್ಕೆ: ಕಾಫಿ ಪುಡಿ, ಅರಿಶಿನ, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಕಾಫಿ ಪುಡಿ ರಕ್ತ ನಿಂತ ಹಾಗೆ ತೋರಿಸುತ್ತೆ, ಆದರೆ ಓಟಿಯಲ್ಲಿ ಒಂದೊಂದೇ ಕಣ ಕೆರೆದು ತೆಗೀಬೇಕಾಗುತ್ತೆ. ಎಲೆ, ಮಣ್ಣಿನ ದೊಡ್ಡ ಚೂರು ಕೈಗೆ ಸಿಕ್ಕಿದರೆ ತೆಗೆದು, ಶುದ್ಧ ಬಟ್ಟೆ ಒದ್ದೆ ಮಾಡಿ ಮುಚ್ಚಿ, ಒತ್ತಿ ಹಿಡಿದು, ಪಟ್ಟಿ ಕಟ್ಟಿ ಕಳಿಸಿ. ತಾಲ್ಲೂಕು ಆಸ್ಪತ್ರೆಯವರು ಮಾಡಬೇಕಾದ ಬಹುಮುಖ್ಯ ಕೆಲಸ ಹೊಲಿಗೆ ಅಲ್ಲ, ಮೊದಲ ಗಂಟೆಯೊಳಗೆ ಆಂಟಿಬಯಾಟಿಕ್. ಸೆಫಜೋಲಿನ್ 2 ಗ್ರಾಂ ನರಕ್ಕೆ. ಕೊಟ್ಟಿಗೆ, ಗೊಬ್ಬರ, ಕೆಸರು ತಾಗಿದ್ದರೆ ಗಾಯ ಬೆರಳಗಲವೇ ಇರಲಿ, ಗಸ್ಟಿಲೋ (ಇಂಥ ಗಾಯಗಳ ದರ್ಜೆ ಪಟ್ಟಿ) ಮೂರನೇ ದರ್ಜೆ ಅಂತಲೇ ಹಿಡಿದು ಪೆನ್ಸಿಲಿನ್ನೂ ಅಮೈನೋಗ್ಲೈಕೋಸೈಡೂ ಸೇರಿಸಿ. ಟೆಟನಸ್ ಲಸಿಕೆಯ ಜೊತೆ ಇಮ್ಯುನೋಗ್ಲೋಬುಲಿನ್ 250 ಯೂನಿಟ್. ಫೋಟೋ ತೆಗೆದು ಕಳಿಸಿ, ಪ್ರತಿ ಆಸ್ಪತ್ರೆಯಲ್ಲೂ ಬಟ್ಟೆ ಬಿಚ್ಚಿ ನೋಡೋದು ಬೇಡ.

ಓಟಿಯಲ್ಲಿ ತೊಳೆಯೋಕೆ ಸಲೈನ್ ಸಾಕು, ದರ್ಜೆಗೆ ತಕ್ಕಂತೆ 3, 6, 9 ಲೀಟರ್, ಎತ್ತರದಲ್ಲಿ ತೂಗುಹಾಕಿ ತಾನಾಗೇ ಹರಿಯುವ ಹಾಗೆ. 2015ರ ಫ್ಲೋ ಟ್ರಯಲ್ ಜೋರು ಪಿಚಕಾರಿಯಿಂದ ಲಾಭ ಇಲ್ಲ, ಸೋಪಿನಿಂದಂತೂ ನಷ್ಟವೇ ಅಂತ ತೋರಿಸಿತು. ಕಾಲು ಉಳಿಸೋದೋ ತೆಗೆಯೋದೋ ಅನ್ನುವ ಕಷ್ಟಕ್ಕೆ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರ ಅಂಕ ನಮ್ಮ ದೇಶದ ಗಾಯಗಳಿಗೆ ಹೇಳಿ ಮಾಡಿಸಿದ್ದು: 14 ಅಥವಾ ಕಡಿಮೆ ಬಂದರೆ ಉಳಿಸಿ, 17 ಅಥವಾ ಹೆಚ್ಚಾದರೆ ಉಳಿಸುವುದು ವ್ಯರ್ಥ, 15–16 ಬಂದರೆ ಹಿರಿಯರ ಜೊತೆ ಕೂತು ಮಾತಾಡಿ. ಚರ್ಮ ಮುಚ್ಚಲು ಪ್ಲಾಸ್ಟಿಕ್ ಸರ್ಜನ್ ಬೇಕು ಅಂತ ಮೊದಲ ದಿನವೇ ಅನ್ನಿಸಿದರೆ ಮಂಗಳೂರಿಗೋ ಬೆಂಗಳೂರಿಗೋ ಅವತ್ತೇ ಕಳಿಸಿ. ಹತ್ತನೇ ದಿನ ಕೀವಿನ ಜೊತೆ ಕಳಿಸಿದರೆ ಅವರಾದರೂ ಏನು ಮಾಡಿಯಾರು?

(ಅಲ್ಯುಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ಹೋದವರಿಗೆ ಮೂಳೆ ಡಾಕ್ಟರೂ ಬೇಕಾಗಲ್ಲ. ಲೈನ್ ಹಾದ ಮರದ ಮೆಣಸು ಅಲ್ಲೇ ಉದುರಲಿ ಬಿಡಿ.)

ಫಿಸಿಯೋ_ಬೇಲೂರು

ಮಕ್ಕಳ ಮೊಣಕೈ ಬಗ್ಗೆ ಯಾರೂ ಎತ್ತಲಿಲ್ಲ. ಸೀಬೆ ಮರದಿಂದ ಬಿದ್ದು ಮೊಣಕೈ ಮೇಲೆ ಮುರಿದ ಮಗುವನ್ನು ನಾಟಿ ಕಟ್ಟಿಗೆ ಕರ್ಕೊಂಡು ಹೋಗಿ ಬಿದಿರು ಪಟ್ಟಿ ಬಿಗಿಸಿದರೆ ಒಳಗೆ ಊತ ಏರುತ್ತೆ, ಹೊರಗೆ ಜಾಗ ಇಲ್ಲ. ಕೈಬೆರಳು ನೆಟ್ಟಗೆ ಬಿಡಿಸಿದಾಗ ಮಗು ಚೀರಿದರೆ, ರಚ್ಚೆ ಹಿಡಿದರೆ, ನೋವಿನ ಔಷಧಿ ಸಾಲದೆ ಹೋದರೆ ಕಟ್ಟು ಅಲ್ಲಿಂದಲ್ಲೇ ಕತ್ತರಿಸಬೇಕು. ಬೆಳಗಾಗಲಿ ಅಂದರೆ ಸ್ನಾಯು ಸಾಯುತ್ತೆ, ಬೆರಳು ಪಂಜದ ಹಾಗೆ ಮುದುಡಿ ನಿಲ್ಲುತ್ತೆ. ಆಸ್ಪತ್ರೆಯ ಪಿಒಪಿಗೂ (ಪ್ಲಾಸ್ಟರ್ ಕಟ್ಟು) ಇದೇ ಮಾತು. ಕಟ್ಟು ಬಿಚ್ಚಿದ ಮೇಲೆ ಮೊಣಕೈಗೆ ಎಣ್ಣೆ ನೀವಿ ಎಳೆಯೋದು ಬೇಡ, ಸ್ನಾಯುವಿನೊಳಗೆ ಮೂಳೆ ಬೆಳೆದು ಇನ್ನೂ ಬಿಗಿಯುತ್ತೆ. ಮಗು ತಾನಾಗೇ ಆಡಲಿ.

ಈಗ ಅಜ್ಜಿಗೆ ವಾಪಸ್. ರಾಡ್ ಹಾಕಿದ ಮಾರನೇ ದಿನ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸಬೇಕು, ಪೂರ್ತಿ ತೂಕ ಹಾಕಿಸಿ. "ಆರು ವಾರ ಕಾಲು ಊರಬೇಡಿ" ಅಂದರೆ ಎಪ್ಪತ್ತೈದರ ಅಜ್ಜಿ ಒಂಟಿ ಕಾಲಲ್ಲಿ ಕುಣಿಯಲ್ಲ, ಮಲಗೇ ಬಿಡ್ತಾರೆ. ವಾಕರ್ ಎತ್ತರ: ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತೋ ಹಿಡಿಕೆ ಅಲ್ಲಿ. ಮೂತ್ರದ ನಳಿಕೆ ಮಾರನೇ ದಿನವೇ ತೆಗೆಸಿ. ರಾತ್ರಿ ಮಂಪರಿನಲ್ಲಿ ಏನೇನೋ ಮಾತಾಡಿದರೆ ನಿದ್ದೆ ಇಂಜೆಕ್ಷನ್ ಕೊಡಿಸಬೇಡಿ. ಕನ್ನಡಕ ಹಾಕಿ, ಲೈಟ್ ಹಚ್ಚಿ, ಪರಿಚಯದ ಮುಖ ಒಂದು ಪಕ್ಕದಲ್ಲಿರಲಿ.

ಊಟ. "ಗಾಯ ಇದೆ, ಗಂಜಿ ಕೊಡಿ" ಅನ್ನೋದು ತಪ್ಪು. ಕೆಜಿಗೆ 1.2ರಿಂದ 1.5 ಗ್ರಾಂ ಪ್ರೊಟೀನ್, 50 ಕೆಜಿಗೆ ದಿನಕ್ಕೆ 60ರಿಂದ 75. ಎರಡು ಮೊಟ್ಟೆಗೆ 12, ಅರ್ಧ ಲೀಟರ್ ಹಾಲಿಗೆ 16, 50 ಗ್ರಾಂ ಹುರುಳಿಕಾಳಿನ ಸಾರಿಗೆ ಸುಮಾರು 11 (ಕಟ್ಟು ಮಾತ್ರ ಬಸಿದು ಕೊಟ್ಟರೆ ಇಲ್ಲ, ಕಾಳು ಸಮೇತ), 100 ಗ್ರಾಂ ಹಿಟ್ಟಿನ ಮುದ್ದೆಗೆ 7, ಉಳಿದದ್ದು ಅನ್ನದಲ್ಲಿ. ಮುದ್ದೆಯಲ್ಲಿ ಕ್ಯಾಲ್ಸಿಯಂ ಇದೆ ನಿಜ, ಪ್ರೊಟೀನ್ ಅದರೊಂದರಿಂದಲೇ ಆಗಲ್ಲ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಹಾಲು, ಕಾಳು, ಕಡಲೆಬೀಜ ಜಾಸ್ತಿ ಮಾಡಿ.

ಫಿಸಿಷಿಯನ್_577

ಇಲ್ಲಿ ನನ್ನ ಪಾಲಿನದ್ದು. ಒಂದು ಸೊಂಟ ಮುರಿದವರ ಇನ್ನೊಂದು ಸೊಂಟಕ್ಕೆ ಔಷಧಿ ಬರೆಯದೆ ಮನೆಗೆ ಕಳಿಸೋದು ಅರ್ಧ ಚಿಕಿತ್ಸೆ. ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಂದು, ಎಂಟು ವಾರ. ದಿನಾ ಅಲ್ಲ, ದಿನಾ ನುಂಗಿ ಕ್ಯಾಲ್ಸಿಯಂ ಏರಿ ವಾಂತಿ ಮಾಡ್ಕೊಂಡು ಬರ್ತಾರೆ. ಚೀಟಿಯಲ್ಲಿ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ಬರೀರಿ. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಜೋಲೆಡ್ರೋನಿಕ್ ಆಸಿಡ್ (ಮೂಳೆ ಸವೆತ ತಡೆಯುವ ಡ್ರಿಪ್) 5 ಮಿಗ್ರಾಂ, 15 ನಿಮಿಷಕ್ಕಿಂತ ನಿಧಾನವಾಗಿ, ವರ್ಷಕ್ಕೊಮ್ಮೆ. 2007ರ ಹೊರೈಜನ್ ಟ್ರಯಲ್‌ನಲ್ಲಿ ಹೀಗೆ ಕೊಟ್ಟವರಿಗೆ ಹೊಸ ಮುರಿತ ನೂರಕ್ಕೆ 35 ಕಡಿಮೆ, ಸಾವು ನೂರಕ್ಕೆ 28 ಕಡಿಮೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಕೆಲಸದ ಅಳತೆ) 35ಕ್ಕಿಂತ ಕೆಳಗಿದ್ದರೆ ಬೇಡ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ. ಮಾರನೇ ದಿನ ಜ್ವರ, ಮೈಕೈ ನೋವು ಬರಬಹುದು ಅಂತ ಮುಂಚೆಯೇ ಹೇಳದಿದ್ದರೆ ಮುಂದಿನ ವರ್ಷ ಬರೋದೇ ಇಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಎನಾಕ್ಸಪರಿನ್ ಇಂಜೆಕ್ಷನ್ 40 ಮಿಗ್ರಾಂ ದಿನಕ್ಕೊಂದು, ನಾಲ್ಕರಿಂದ ಐದು ವಾರ. ಕಿಡ್ನಿ ವೀಕಿದ್ದರೆ ಡೋಸ್ ಇಳಿಸಿ. ಹಳ್ಳಿಯಲ್ಲಿ ಚುಚ್ಚೋರು ಯಾರು ಅಂತ ಡಿಸ್ಚಾರ್ಜ್‌ಗೆ ಮೊದಲೇ ಕೇಳಿ.

ತೋಟದ_ರೈಟರ್

ಕೊನೇ ಪ್ರಶ್ನೆ. ಹೊಲಿಗೆ ಬಿಚ್ಚಿದ ಮೇಲೂ ಗಾಯದಲ್ಲಿ ನೀರಾಡ್ತಿದ್ದರೆ ಇಲ್ಲೇ ಡ್ರೆಸ್ಸಿಂಗ್ ಮಾಡಿಸ್ತಾ ಮಾತ್ರೆ ನುಂಗಿದರೆ ಸಾಕಾ? ಹಾಸನಕ್ಕೆ ಹೋಗಿ ಬರೋಕೆ ಒಂದಿನ ಕೂಲಿ ಹೋಗುತ್ತೆ ಅಂತಾರೆ.

ಮಲೆನಾಡ_ಮೂಳೆ

ಸಾಲದು. ಆಪರೇಷನ್ ಆಗಿ ಏಳು ದಿನ ದಾಟಿಯೂ ನೀರಾಡಿದರೆ ಅದು ಒಳಗಿನ ಸೋಂಕು ಅಂತಲೇ ಎಣಿಸಿ, ಆಪರೇಷನ್ ಮಾಡಿದವರಿಗೇ ತೋರಿಸಿ. ಅಲ್ಲಿ ಇಲ್ಲಿ ಮಾತ್ರೆ ನುಂಗಿದರೆ ಹೊರಗೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ರಾಡಿನ ಮೇಲೆ ಕ್ರಿಮಿ ಲೋಳೆಯ ಪರೆ ಕಟ್ಟಿಕೊಳ್ಳುತ್ತೆ, ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರೂ ಏನೂ ಬೆಳೆಯಲ್ಲ. ಮೂರು ನಾಲ್ಕು ವಾರದೊಳಗೆ ಬಂದರೆ ತೆರೆದು ತೊಳೆದು, ಐದಾರು ಕಡೆಯಿಂದ ಮಾಂಸದ ಚೂರು ಕಲ್ಚರಿಗೆ ತೆಗೆದು ಇಂಪ್ಲಾಂಟ್ ಉಳಿಸಿಕೊಳ್ಳಲು ಸಾಧ್ಯ. ತಡವಾದಷ್ಟೂ ಎಲ್ಲಾ ತೆಗೆದು ಎರಡು ಮೂರು ಆಪರೇಷನ್. ಬರುವಾಗ ಹಳೇ ಎಕ್ಸ್‌ರೇ ಮತ್ತು ಸಿಸ್ಟರ್ ಹೇಳಿದ ಆ ಸ್ಟಿಕ್ಕರ್ ಇರುವ ಕಾರ್ಡು ತನ್ನಿ. ಜ್ವರ ಇಲ್ಲದಿದ್ದರೆ ಬರುವ ತನಕ ಯಾವ ಆಂಟಿಬಯಾಟಿಕ್ಕೂ ಬೇಡ.